ಕರುಳಿಗೆ ಕಿಡಿ ಹಚ್ಚುವ ಸೈಟೊಕೈನ್‌ಗಳು

ತಿಂಗಳುಗಟ್ಟಲೆ ನಿಲ್ಲದ ಭೇದಿ, ಹೊಟ್ಟೆನೋವು, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ. ಹೋಟೆಲ್ ಊಟದ ಮೇಲೋ ಖಾರದ ಮೇಲೋ ಇದರ ತಪ್ಪನ್ನು ಹೊರಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಇದು ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್‌ನ ಲಕ್ಷಣವೂ ಆಗಿರಬಹುದು. ಇವೆರಡಕ್ಕೂ ಸೇರಿ ವೈದ್ಯರು ಬಳಸುವ ಹೆಸರು ಐಬಿಡಿ. ಹೆಸರಿನಲ್ಲಿ ಹತ್ತಿರವಿರುವ ಐಬಿಎಸ್ ಬೇರೆಯೇ ತೊಂದರೆ. ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ.

ಕ್ರೋನ್ಸ್ ಕಾಯಿಲೆಯನ್ನು 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ವಿವರಿಸಿದರು. ಇದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯಾದರೂ ಬರಬಹುದಾದರೂ ಸಣ್ಣ ಕರುಳಿನ ಕೊನೆಯ ಭಾಗವೇ ಇದರ ಮುಖ್ಯ ನೆಲೆ. ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ.

ಏನಿದು ಸೈಟೊಕೈನ್?: ನಮ್ಮ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿವೆ. ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ ಅವುಗಳನ್ನು ಸಹಿಸಿಕೊಂಡಿರುತ್ತದೆ. ಐಬಿಡಿಯಲ್ಲಿ ಈ ಸಹನೆ ಮುರಿಯುತ್ತದೆ. ಆಗ ರಕ್ಷಕ ಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳನ್ನು ಸುರಿಸತೊಡಗುತ್ತವೆ. ಅವುಗಳಲ್ಲಿ ಟಿಎನ್‌ಎಫ್ ಪ್ರಮುಖವಾದುದು. ಅದು ರಕ್ತನಾಳದ ಗೋಡೆಯನ್ನು ಅಂಟಾಗಿಸಿ ಮತ್ತಷ್ಟು ಬಿಳಿ ರಕ್ತಕಣಗಳನ್ನು ಕರೆಸುತ್ತದೆ, ಕರುಳಿನ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಆ ಬಿರುಕಿನಿಂದ ಬ್ಯಾಕ್ಟೀರಿಯಾಗಳು ಒಳನುಸುಳುತ್ತವೆ. ಅದಕ್ಕೆ ಉತ್ತರವಾಗಿ ಇನ್ನಷ್ಟು ಟಿಎನ್‌ಎಫ್ ಹುಟ್ಟುತ್ತದೆ. ಕಾಯಿಲೆ ದೀರ್ಘಕಾಲ ಉಳಿಯುವುದಕ್ಕೆ ಈ ವಿಷವರ್ತುಲವೂ ಕಾರಣ.

ವಿಚಿತ್ರವೆಂದರೆ, 1975ರಲ್ಲಿ ನ್ಯೂಯಾರ್ಕಿನಲ್ಲಿ ಲಾಯ್ಡ್ ಓಲ್ಡ್ ತಂಡ ಟಿಎನ್‌ಎಫ್‌ಗೆ ಹೆಸರಿಟ್ಟಿದ್ದು ಇಲಿಗಳ ಗಡ್ಡೆಯನ್ನು ನಾಶಮಾಡುವ ವಸ್ತುವೆಂದು. ಕ್ಯಾನ್ಸರಿಗೆ ಮದ್ದಾಗಬಹುದೆಂದು ಭಾವಿಸಿದ್ದನ್ನೇ ತಡೆಹಿಡಿಯುವುದು ಮುಂದೆ ಕರುಳಿನ ಕಾಯಿಲೆಗೆ ಮದ್ದಾಯಿತು. ಕ್ರೋನ್ಸ್ ಪೀಡಿತ ಬಾಲಕಿಯೊಬ್ಬಳಿಗೆ ಟಿಎನ್‌ಎಫ್ ವಿರುದ್ಧದ ಪ್ರತಿಕಾಯ ನೀಡಿದ ಅನುಭವವನ್ನು ಆಮ್‌ಸ್ಟರ್‌ಡ್ಯಾಮಿನ ವೈದ್ಯರು 1993ರಲ್ಲಿ ವರದಿ ಮಾಡಿದರು. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಬಾರಿ, ಕೆಜಿ ತೂಕಕ್ಕೆ 5 ಮಿಲಿಗ್ರಾಂನಂತೆ ಔಷಧ ಪಡೆದವರಲ್ಲಿ ಶೇ. 81 ಮಂದಿ ನಾಲ್ಕು ವಾರಗಳಲ್ಲಿ ಚೇತರಿಕೆ ಕಂಡರು. ಹುಸಿ ಔಷಧ ಪಡೆದವರಲ್ಲಿ ಈ ಪ್ರಮಾಣ ಶೇ. 17 ಮಾತ್ರ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಈ ಔಷಧಕ್ಕೆ 1998ರಲ್ಲಿ ಅಮೆರಿಕದ ಒಪ್ಪಿಗೆ ದೊರೆಯಿತು.

ಒಗಟುಗಳು: ಇಷ್ಟಕ್ಕೇ ಎಲ್ಲವೂ ತಿಳಿಯಿತೆನ್ನುವಂತಿಲ್ಲ. ಸಂಧಿವಾತಕ್ಕೆ ಬಳಸುವ ಎಟನರ್ಸೆಪ್ಟ್ ಕೂಡ ಟಿಎನ್‌ಎಫ್ ಅನ್ನೇ ತಡೆಯುತ್ತದೆ, ಆದರೆ ಕ್ರೋನ್ಸ್ ಕಾಯಿಲೆಯಲ್ಲಿ ಅದು ವಿಫಲವಾಯಿತು. ಇಂಟರ್‌ಲ್ಯೂಕಿನ್-17 ಎಂಬ ಇನ್ನೊಂದು ಸೈಟೊಕೈನ್ ಉರಿಯೂತದ ಜಾಗದಲ್ಲಿ ಹೇರಳವಾಗಿ ಸಿಗುವುದರಿಂದ ಅದನ್ನು ತಡೆದರೆ ಗುಣವಾಗಬೇಕೆಂಬ ಲೆಕ್ಕಾಚಾರವಿತ್ತು. 2012ರಲ್ಲಿ ಪ್ರಕಟವಾದ ಫಲಿತಾಂಶ ತದ್ವಿರುದ್ಧವಾಗಿತ್ತು: ಸೆಕುಕಿನುಮ್ಯಾಬ್ ಪಡೆದ ರೋಗಿಗಳಲ್ಲಿ ಕಾಯಿಲೆ ಉಲ್ಬಣಿಸುವ ಸೂಚನೆಗಳು ಕಂಡವು. ಇಂಟರ್‌ಲ್ಯೂಕಿನ್-17 ಕರುಳಿನ ಒಳಪದರವನ್ನು ಕಾಯುವ ಕೆಲಸವನ್ನೂ ಮಾಡುತ್ತದೆ ಎಂಬುದು ಈಗಿನ ತಿಳಿವಳಿಕೆ. ಉರಿಯೂತದ ಜಾಗದಲ್ಲಿ ಸಿಕ್ಕಿದ್ದೆಲ್ಲ ಅಪರಾಧಿಯಲ್ಲ!

ಇಂಟರ್‌ಲ್ಯೂಕಿನ್-23ರ ಕಥೆ ಬೇರೆ. ಅದನ್ನು ಗ್ರಹಿಸುವ ಜೀನ್‌ನ ಒಂದು ಅಪರೂಪದ ರೂಪ ಪಡೆದವರಿಗೆ ಕ್ರೋನ್ಸ್ ಬರುವ ಸಂಭವ ಕಡಿಮೆ ಎಂದು 2006ರಲ್ಲಿ ಗೊತ್ತಾಯಿತು. 12 ಮತ್ತು 23 ಎರಡನ್ನೂ ತಡೆಯುವ ಉಸ್ಟೆಕಿನುಮ್ಯಾಬ್ 2016ರಲ್ಲಿ ಕ್ರೋನ್ಸ್‌ಗೆ, 23ನ್ನಷ್ಟೇ ತಡೆಯುವ ರಿಸಾಂಕಿಜುಮ್ಯಾಬ್ 2022ರಲ್ಲಿ ಅಮೆರಿಕದ ಅನುಮತಿ ಪಡೆದವು.

ಕ್ಷಯದ ಭೀತಿ: ನಮ್ಮಲ್ಲಿ ಈ ವಿಚಾರ ಇನ್ನೂ ಸೂಕ್ಷ್ಮ. ದೇಹದೊಳಗೆ ಮಲಗಿರುವ ಕ್ಷಯದ ರೋಗಾಣುವನ್ನು ಕೋಶಗಳ ಗೋಡೆ ಕಟ್ಟಿ ಕೂಡಿಹಾಕುವುದಕ್ಕೂ ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಗೋಡೆ ಕುಸಿಯುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡದ್ದು 2001ರಲ್ಲಿ ವರದಿಯಾಯಿತು. ಜೊತೆಗೆ ಕರುಳಿನ ಕ್ಷಯವೂ ಸಣ್ಣ ಕರುಳಿನ ಕೊನೆಯಲ್ಲೇ ನೆಲೆಸುವುದರಿಂದ ಕೊಲೊನೋಸ್ಕೋಪಿಯಲ್ಲಿ ಅದು ಥೇಟ್ ಕ್ರೋನ್ಸ್‌ನಂತೆಯೇ ಕಾಣಬಹುದು. ಕ್ಷಯವನ್ನು ಕ್ರೋನ್ಸ್ ಎಂದು ಭಾವಿಸಿ ಟಿಎನ್‌ಎಫ್ ತಡೆ ಔಷಧ ಕೊಟ್ಟರೆ ಪ್ರಾಣಾಪಾಯವಿದೆ. ಆದ್ದರಿಂದಲೇ ಚಿಕಿತ್ಸೆಗೆ ಮುನ್ನ ಎದೆಯ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಪರೀಕ್ಷೆ ಮಾಡಿಸಲಾಗುತ್ತದೆ. ರೋಗಿಗೆ ಅಥವಾ ಮನೆಯವರಿಗೆ ಹಿಂದೆ ಕ್ಷಯ ಬಂದಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ಇನ್ನು ಬೆಲೆ. ಜೀವಕೋಶಗಳಲ್ಲಿ ತಯಾರಾಗುವ ಈ ಔಷಧಗಳು ದುಬಾರಿ. ಪೇಟೆಂಟ್ ಮುಗಿದವುಗಳ ತದ್ರೂಪಿ ಔಷಧಗಳು ಬಂದ ಮೇಲೆ ತುಸು ಅಗ್ಗವಾಗಿವೆ. ಅಡಾಲಿಮುಮ್ಯಾಬ್‌ನ ತದ್ರೂಪಿಯನ್ನು ಅಹಮದಾಬಾದಿನ ಝೈಡಸ್ 2014ರಲ್ಲೇ ಭಾರತದಲ್ಲಿ ಬಿಡುಗಡೆ ಮಾಡಿತು. ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್‌ನ ಉಸ್ಟೆಕಿನುಮ್ಯಾಬ್ ತದ್ರೂಪಿಗೆ 2024ರ ಕೊನೆಯಲ್ಲಿ ಅಮೆರಿಕದ ಅನುಮತಿ ಸಿಕ್ಕಿದೆ.