ಮಣ್ಣಿನ ಹಿಡಿತಕ್ಕೊಂದು ರೇಖೆ

ಮಳೆ ನಿಂತು ಎರಡು ದಿನ ಕಳೆದ ಮೇಲೆ ಹೊಲದಿಂದ ಒಂದು ಹಿಡಿ ಮಣ್ಣನ್ನು ಎತ್ತಿಕೊಳ್ಳಿ. ಅದರಲ್ಲಿ ತೇವವಿದೆ; ಆದರೆ ಎಷ್ಟು ಹಿಂಡಿದರೂ ಹನಿ ಬೀಳದು. ಮಣ್ಣಿನಲ್ಲಿ ನೀರು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಬೇರೆಯೇ ಪ್ರಶ್ನೆ. ಪೈರಿನ ಬೇರಿಗೆ ಎರಡನೆಯದೇ ಮುಖ್ಯ.

ಇವೆರಡನ್ನೂ ಒಂದೇ ನಕ್ಷೆಯ ಮೇಲೆ ತಂದವರು ಅಮೆರಿಕದ ಭೌತವಿಜ್ಞಾನಿ ಎಡ್ಗರ್ ಬಕಿಂಗ್‌ಹ್ಯಾಮ್. ಅವರು ಎತ್ತರದ ಕೊಳವೆಗಳಲ್ಲಿ ಬಗೆಬಗೆಯ ಮಣ್ಣು ತುಂಬಿ, ಬುಡವನ್ನು ನೀರಿನಲ್ಲಿ ನಿಲ್ಲಿಸಿ, ವಾರಗಟ್ಟಲೆ ಕಾದರು. ಬಳಿಕ ಪ್ರತಿಯೊಂದು ಎತ್ತರದಲ್ಲೂ ತೇವ ಎಷ್ಟೆಂದು ಅಳೆದರು. ನೀರಿನ ಮಟ್ಟದಿಂದ ಮೇಲೆ ಹೋದಂತೆ ಹೀರುಬಲ ಹೆಚ್ಚು, ತೇವ ಕಡಿಮೆ. 1907ರಲ್ಲಿ ಪ್ರಕಟವಾದ ಅವರ ವರದಿಯಿಂದಲೇ ಮಣ್ಣಿನ ಜಲಧಾರಣ ರೇಖೆಯ ಕಥೆ ಆರಂಭವಾಗುತ್ತದೆ.

1931ರಲ್ಲಿ ಲೊರೆಂಜೊ ರಿಚರ್ಡ್ಸ್ ಮಣ್ಣಿನೊಳಗಿನ ನೀರಿನ ಚಲನೆಗೆ ಸಮೀಕರಣ ಬರೆದರು. ಅದನ್ನು ಕೈಲೆಕ್ಕದಿಂದ ಬಿಡಿಸುವುದು ಬಹುಪಾಲು ಅಸಾಧ್ಯ. ಗಣಕಯಂತ್ರಗಳು ಬಂದಾಗ ಹೊಸ ತೊಡಕೊಂದು ಕಾಣಿಸಿತು. ಪ್ರಯೋಗಾಲಯ ಕೊಡುವುದು ಎಂಟೋ ಹತ್ತೋ ಬಿಂದುಗಳನ್ನು. ಗಣಕಯಂತ್ರ ಕೇಳುವುದು ಅವುಗಳ ನಡುವಿನ ಪ್ರತಿಯೊಂದು ಬೆಲೆಯನ್ನು, ಜೊತೆಗೆ ರೇಖೆಯ ಇಳಿಜಾರನ್ನು. ಅಡ್ಡಪಟ್ಟಿ ಇಟ್ಟು ಬಿಂದುಗಳನ್ನು ಜೋಡಿಸಿದರೆ ಪ್ರತಿ ಬಿಂದುವಿನಲ್ಲೂ ಒಂದು ಮುರಿವು!

1964ರಲ್ಲಿ ಬ್ರೂಕ್ಸ್ ಮತ್ತು ಕೋರಿ ಒಂದು ಸರಳ ಘಾತ ಸೂತ್ರ ಕೊಟ್ಟರು. ಆದರೆ ರಂಧ್ರಗಳಿಗೆ ಗಾಳಿ ನುಗ್ಗುವ ಹಂತದಲ್ಲಿ ಅದರ ರೇಖೆ ಥಟ್ಟನೆ ತಿರುಗುತ್ತಿತ್ತು. 1976ರಲ್ಲಿ ಇಸ್ರೇಲಿನ ಮುಅಲೆಮ್, ಜಲಧಾರಣ ರೇಖೆಯಿಂದಲೇ ನೀರು ಹರಿಯುವ ಸುಲಭತೆಯನ್ನು ಅಂದಾಜು ಮಾಡುವ ದಾರಿ ತೋರಿಸಿದರು. ಈ ದಾರಿಗೆ ಹೊಂದುವ ನಯವಾದ ಎಸ್ ಆಕಾರದ ಸೂತ್ರವನ್ನು 1980ರಲ್ಲಿ ಪ್ರಕಟಿಸಿದವರು ನೆದರ್ಲೆಂಡ್ಸ್ ಮೂಲದ ವಾನ್ ಗೆನುಕ್ಟೆನ್. 2023ರ ವುಲ್ಫ್ ಕೃಷಿ ಪ್ರಶಸ್ತಿ ಅವರಿಗೆ ಸಂದಿತು.

ಈ ಸೂತ್ರದಲ್ಲಿ ಹೊಂದಿಸಬೇಕಾದ ಸಂಖ್ಯೆಗಳು ಮುಖ್ಯವಾಗಿ ನಾಲ್ಕೇ: ಮಣ್ಣು ಪೂರ್ತಿ ನೆಂದಾಗಿನ ತೇವ, ಕೊನೆಗೂ ಬಿಟ್ಟುಕೊಡದ ತೇವ, ಗಾಳಿ ಎಷ್ಟು ಬೇಗ ನುಗ್ಗುತ್ತದೆಂಬ ಅಳತೆ, ರೇಖೆಯ ಕಡಿದುತನ. ಮರಳಿನ ರೇಖೆ ಕಡಿದು, ಜೇಡಿಯದು ನಿಧಾನ. ಅಳೆದ ಬಿಂದುವಿಗೂ ರೇಖೆಗೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಆ ಮೊತ್ತ ಕನಿಷ್ಠವಾಗುವವರೆಗೆ ಈ ಸಂಖ್ಯೆಗಳನ್ನು ಬದಲಿಸುತ್ತ ಹೋಗಬೇಕು. 1991ರಲ್ಲಿ ಬಂದ ಆರ್‌ಇಟಿಸಿ ಎಂಬ ತಂತ್ರಾಂಶ ಈ ಕೆಲಸವನ್ನೇ ಮಾಡುತ್ತದೆ.

ಆದರೆ ರೇಖೆ ಬಿಂದುಗಳ ಮೇಲೆ ಚೆನ್ನಾಗಿ ಕುಳಿತಿತೆಂದು ಕಣ್ಣುಮುಚ್ಚಿ ನಂಬಬೇಡಿ. ತೀರ ಒಣಗಿದ ಮಣ್ಣನ್ನು ಅಳೆಯದೇ ಇದ್ದರೆ, ‘ಬಿಟ್ಟುಕೊಡದ ತೇವ’ ಬರಿಯ ಊಹೆ. ಜೇಡಿಯಲ್ಲಿ ಕಡಿದುತನದ ಸಂಖ್ಯೆ ಒಂದಿಷ್ಟು ಬದಲಾದರೂ ಪೂರ್ತಿ ನೆನೆಯುವ ಹಂತದ ಸಮೀಪ ಹರಿವಿನ ಲೆಕ್ಕ ಹಲವು ಪಟ್ಟು ಏರುಪೇರಾಗುತ್ತದೆ. ಗೊಬ್ಬರದ ನೈಟ್ರೇಟ್ ಬಾವಿಯ ನೀರನ್ನು ಯಾವಾಗ ಸೇರೀತು ಎಂಬ ಉತ್ತರವೂ ಅದರೊಡನೆ ಬದಲಾಗುತ್ತದೆ.

ಇನ್ನು ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯ ವಿಷಯ. ಈ ಸೂತ್ರ ಮಣ್ಣಿನ ಗಾತ್ರ ಬದಲಾಗದೆಂದು ಭಾವಿಸುತ್ತದೆ. ಎರೆಮಣ್ಣು ನೆಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನೇರವಾಗಿ ಇಳಿದುಹೋಗುತ್ತದೆ. ಪ್ರಯೋಗಾಲಯಕ್ಕೆ ತಂದ ಪುಟ್ಟ ಉಂಗುರದಷ್ಟು ಮಣ್ಣಿನಲ್ಲಿ ಅಂಥ ಬಿರುಕಿಗೆ ಜಾಗವೇ ಇರುವುದಿಲ್ಲ.