ಕಣ್ಣಿನ ಪೊರೆಯೂ ಕಾಣುವ ಬಗೆಯೂ

ಮನೆಯ ಹಿರಿಯರಿಗೆ ದೃಷ್ಟಿ ಮಂಜಾದಾಗ ‘ಕಣ್ಣಿಗೆ ಪೊರೆ ಬಂದಿದೆ’ ಎನ್ನುತ್ತೇವೆ. ಶಸ್ತ್ರಚಿಕಿತ್ಸೆಯಾದ ಮೇಲೆ ‘ಪೊರೆ ತೆಗೆದರು’ ಎನ್ನುತ್ತೇವೆ. ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಣ್ಣಿನಲ್ಲಿ ಏನೋ ಒಂದು ಪದರ ಬೆಳೆದಿದೆ ಎಂಬ ಭಾವನೆ ಈ ಮಾತಿನಲ್ಲಿದೆ. ವಾಸ್ತವವಾಗಿ ಅಲ್ಲಿ ಹೊಸದಾಗಿ ಯಾವ ಪೊರೆಯೂ ಬೆಳೆದಿರುವುದಿಲ್ಲ. ಕಣ್ಣಿನೊಳಗೆ ಹುಟ್ಟಿನಿಂದಲೇ ಇರುವ ಮಸೂರವೇ ಮಸುಕಾಗಿರುತ್ತದೆ. ಈ ಸಂಗತಿಯನ್ನು ತಿಳಿಯಲು ಬಹು ಶತಮಾನಗಳು ಬೇಕಾದವು. ಏಕೆಂದರೆ ಕಣ್ಣಿನ ಭಾಗಗಳನ್ನು ವೈದ್ಯರು ಕಂಡಿದ್ದರೂ, ಯಾವ ಭಾಗಕ್ಕೆ ಯಾವ ಕೆಲಸವೆಂಬುದನ್ನು ಅರಿತಿರಲಿಲ್ಲ.

ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್, ಮಸೂರವೇ ನೋಡುವ ಮುಖ್ಯ ಅಂಗವೆಂದು ಸಾರಿದನು. ಅವನ ಮತದಲ್ಲಿ ಉಳಿದ ಭಾಗಗಳೆಲ್ಲ ಅದರ ಪರಿಚಾರಕರು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಕೈರೋ ನಗರದಲ್ಲಿದ್ದ ಇಬ್ನ್ ಅಲ್ ಹೈಥಮ್, ಕಣ್ಣಿನಿಂದ ಕಿರಣಗಳು ಹೊರಡುತ್ತವೆಂಬ ಹಳೆಯ ವಾದವನ್ನು ತಳ್ಳಿಹಾಕಿ, ವಸ್ತುಗಳಿಂದಲೇ ಬೆಳಕು ಕಣ್ಣಿಗೆ ಬರುತ್ತದೆಂದು ತೋರಿಸಿಕೊಟ್ಟನು. ಆದರೆ ಮಸೂರದ ಹಿರಿತನವನ್ನು ಆತನೂ ಪ್ರಶ್ನಿಸಲಿಲ್ಲ. 1543ರಲ್ಲಿ ವೆಸೇಲಿಯಸ್ ಅಚ್ಚು ಹಾಕಿಸಿದ ಅಂಗರಚನೆಯ ಗ್ರಂಥದಲ್ಲಿ ಮಸೂರವು ಕಣ್ಣುಗುಡ್ಡೆಯ ನಟ್ಟನಡುವೆ ಕುಳಿತಿದೆ!

ಈ ತಪ್ಪು ಗ್ರಂಥಗಳಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ ‘ಲಿಂಗನಾಶ’ವೆಂಬ ರೋಗಕ್ಕೆ ಶಲಾಕೆಯಿಂದ ಕಣ್ಣನ್ನು ಚುಚ್ಚುವ ಚಿಕಿತ್ಸೆಯ ವರ್ಣನೆಯಿದೆ. ಸೂಜಿಯಿಂದ ಮಸುಕನ್ನು ಕೆಳಕ್ಕೆ ತಳ್ಳುವ ಇಂಥ ಪದ್ಧತಿ ಯೂರೋಪಿನಲ್ಲಿಯೂ ಶತಮಾನಗಳ ಕಾಲ ನಡೆಯಿತು. ರೋಗಿಗೆ ಒಂದಿಷ್ಟು ಬೆಳಕು ಕಾಣುತ್ತಿತ್ತು. ಅಲ್ಲಿನ ಪಂಡಿತರು ಹೀಗೆ ತರ್ಕಿಸಿದರು: ‘ನೋಡುವ ಅಂಗವೇ ಮಸೂರ, ಅದನ್ನು ತಳ್ಳಿದ್ದರೆ ಈತನಿಗೆ ಕಾಣುವುದೆಂತು? ಆದ್ದರಿಂದ ತಳ್ಳಿದ್ದು ಮಸೂರವಲ್ಲ, ಅದರ ಮುಂದೆ ಹೆಪ್ಪುಗಟ್ಟಿದ ಯಾವುದೋ ಪೊರೆ.’ ತರ್ಕವೇನೋ ಸರಿಯಾಗಿತ್ತು. ಅದರ ಬುನಾದಿಯೇ ತಪ್ಪಾಗಿತ್ತು.

ಬಾಸೆಲ್ ನಗರದ ವೈದ್ಯ ಫೆಲಿಕ್ಸ್ ಪ್ಲಾಟರ್ 1583ರಲ್ಲಿ, ಕಾಣುವ ಕೆಲಸ ಕಣ್ಣಿನ ಹಿಂಗೋಡೆಗೆ ಹರಡಿರುವ ಅಕ್ಷಿಪಟಲದ್ದು, ಮಸೂರ ಬರಿಯ ಗಾಜಿನಂತೆ ಎಂದು ಬರೆದನು. ಗ್ರಹಗತಿಗಳ ನಿಯಮಗಳಿಗೆ ಹೆಸರಾದ ಕೆಪ್ಲರ್ 1604ರಲ್ಲಿ ಇದಕ್ಕೆ ಗಣಿತದ ಆಧಾರ ಕೊಟ್ಟನು: ಬೆಳಕು ಬಾಗಿ, ಅಕ್ಷಿಪಟಲದ ಮೇಲೆ ತಲೆಕೆಳಗಾದ ಚಿತ್ರ ಮೂಡುತ್ತದೆ. ಶೈನರ್ ಎಂಬ ಪಾದ್ರಿ 1625ರಲ್ಲಿ ರೋಮಿನಲ್ಲಿ, ಶವದ ಕಣ್ಣಿನ ಹಿಂಬದಿಯ ಹೊದಿಕೆಯನ್ನು ಬಿಡಿಸಿ, ಆ ಚಿತ್ರವನ್ನು ಎಲ್ಲರೂ ನೋಡುವಂತೆ ತೋರಿಸಿದನು.

ಇಷ್ಟಾದರೂ ಈ ಅರಿವು ವೈದ್ಯರ ಕೈಗೆ ಬರಲು ಮತ್ತೆ ಎಂಬತ್ತು ವರ್ಷ ಹಿಡಿಯಿತು. 1705ರಲ್ಲಿ ಫ್ರಾನ್ಸಿನ ಬ್ರಿಸೋ, ಮೃತ ಸೈನಿಕನೊಬ್ಬನ ಕಣ್ಣನ್ನು ಬಿಡಿಸಿ ನೋಡಿ, ‘ಪೊರೆ’ ಎಂಬುದು ಮಸುಕಾದ ಮಸೂರವೇ ಎಂದು ಪ್ಯಾರಿಸಿನ ವಿದ್ವತ್ಸಭೆಗೆ ತಿಳಿಸಿದನು. ಅದೇ ದೇಶದ ಡಾವಿಯೆಲ್ 1747ರಲ್ಲಿ ಆ ಮಸೂರವನ್ನು ತಳ್ಳುವ ಬದಲು ಹೊರಕ್ಕೇ ತೆಗೆದನು. ಇಂದಿನ ಶಸ್ತ್ರಚಿಕಿತ್ಸೆಗೆ ಅದೇ ತಾಯಿಬೇರು.

ಹಾಗಾದರೆ ಕಣ್ಣಿನಲ್ಲಿ ಯಾರ ಪಾಲಿಗೆ ಯಾವ ಕೆಲಸ? ಎಲ್ಲಕ್ಕೂ ಮುಂದಿರುವ ಪಾರದರ್ಶಕವಾದ ಕಾರ್ನಿಯಾ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಮಾಡಿಬಿಡುತ್ತದೆ. ಅದರ ಹಿಂದಿನ ಬಣ್ಣದ ಪರದೆ ಬಿಸಿಲಿನಲ್ಲಿ ಕಿರಿದಾಗಿ, ಕತ್ತಲೆಯಲ್ಲಿ ಹಿರಿದಾಗಿ ತೆರೆದುಕೊಂಡು ಬೆಳಕನ್ನು ಅಳೆದು ಬಿಡುತ್ತದೆ. ಹತ್ತಿರದ್ದಕ್ಕೂ ದೂರದ್ದಕ್ಕೂ ನೋಟವನ್ನು ಹೊಂದಿಸುವುದು ಮಸೂರ. ಥಾಮಸ್ ಯಂಗ್ 1801ರಲ್ಲಿ ತನ್ನ ಕಣ್ಣಿಗೆ ನೀರು ತುಂಬಿದ ಸಾಧನವನ್ನು ಹಿಡಿದು, ಕಾರ್ನಿಯಾದ ಪ್ರಭಾವವನ್ನು ಕಳೆದರೂ ಈ ಹೊಂದಾಣಿಕೆ ಉಳಿಯುವುದನ್ನು ಕಂಡುಕೊಂಡನು. ಮಸೂರದ ಸುತ್ತಲಿನ ಸ್ನಾಯು ಬಿಗಿದಾಗ ಅದನ್ನು ಹಿಡಿದ ಎಳೆಗಳು ಸಡಿಲಗೊಂಡು, ಮಸೂರ ಉಬ್ಬುತ್ತದೆಂದು ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ವಿವರಿಸಿದನು. ಅಕ್ಷಿಪಟಲ ಬೆಳಕನ್ನು ಸಂಕೇತವಾಗಿಸುತ್ತದೆ, ನರ ಅದನ್ನು ಮಿದುಳಿಗೆ ಒಯ್ಯುತ್ತದೆ, ಅರ್ಥಮಾಡಿಕೊಳ್ಳುವುದು ಮಿದುಳು. ಇವರಲ್ಲಿ ಅರಸರಿಲ್ಲ, ಆಳುಗಳಿಲ್ಲ. ಒಬ್ಬರು ಕೈಬಿಟ್ಟರೆ ಎಲ್ಲರ ಶ್ರಮವೂ ಕೆಡುತ್ತದೆ.

ಕನ್ನಡ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಬಡಬಗ್ಗರ ಪೊರೆ ತೆಗೆದುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ದಿನಗಳಲ್ಲಿ ಪೊರೆ ತೆಗೆಸಿದವರು ದಪ್ಪ ಗಾಜಿನ ಕನ್ನಡಕ ಧರಿಸುತ್ತಿದ್ದುದು ಏಕೆಂದು ಈಗ ತಿಳಿಯಿತಷ್ಟೆ? ಕಣ್ಣೊಳಗಿಂದ ಹೋದ ಮಸೂರದ ಕೆಲಸವನ್ನು ಹೊರಗಿನ ಗಾಜು ಮಾಡಬೇಕಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನು ಇಟ್ಟರು. ಇಂದು ಅದೇ ರೂಢಿಯಾಗಿದೆ.

ಆದ್ದರಿಂದ ನಿಮ್ಮ ಮನೆಯ ಹಿರಿಯರು ‘ಕಣ್ಣನ್ನೇ ಕೀಳುವರೋ ಏನೋ’ ಎಂದು ಹೆದರಿ ಆಸ್ಪತ್ರೆಗೆ ಹೋಗಲು ಹಿಂಜರಿದರೆ, ಅವರಿಗೆ ಇಷ್ಟನ್ನು ಹೇಳಿ: ಕಾಣುವ ಪಟಲ ಕಣ್ಣಿನ ಹಿಂದೆ ಇದ್ದಲ್ಲಿಯೇ ಇರುತ್ತದೆ, ವೈದ್ಯರು ಬದಲಿಸುವುದು ಅದರ ಮುಂದಿನ ಮಸುಕಾದ ಕಿಟಕಿಯೊಂದನ್ನು ಮಾತ್ರ.