ಇಂಗ್ಲಿಷ್ ಶಾಸ್ತ್ರಗದ್ಯದಲ್ಲಿ ಪ್ರಯೋಗಪ್ರಮಾಣ

ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಹೇಳಬೇಕೆಂಬುದು ನಮ್ಮ ವೈಯಾಕರಣರಿಗೆ ಹೊಸ ಮಾತಲ್ಲ. ಕೇಶಿರಾಜನು ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನು ಆಧಾರವಾಗಿ ಕೊಟ್ಟಿರುವುದು ವಾಚಕರಿಗೆ ತಿಳಿದೇ ಇದೆ. ಇಂಗ್ಲಿಷಿನಲ್ಲಿ ಈ ತತ್ತ್ವವು ಹೇಗೆ ಬೆಳೆದುಬಂದಿತು, ಆ ಭಾಷೆಯಲ್ಲಿ ಶಾಸ್ತ್ರಪ್ರಬಂಧಗಳನ್ನು ಬರೆಯಬೇಕಾದ ಪರಭಾಷಿಕರಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ವ್ಯಾಕರಣಶುದ್ಧವಾದ ವಾಕ್ಯವೆಲ್ಲವೂ ಭಾಷೆಗೆ ಒಪ್ಪುವ ವಾಕ್ಯವಲ್ಲ. ಕನ್ನಡದಲ್ಲಿ ಸೀರೆಯನ್ನು ಉಡುವರು, ಕುಪ್ಪಸವನ್ನು ತೊಡುವರು, ಹೂವನ್ನು ಮುಡಿಯುವರು, ತಿಲಕವನ್ನು ಇಡುವರು. ಹೂವನ್ನು ಉಟ್ಟಳೆಂದರೆ ಯಾವ ಸೂತ್ರಕ್ಕೂ ಭಂಗವಿಲ್ಲ. ಆದರೂ ಕೇಳಿದವರು ನಗುವರು. ಇಂತಹ ಪದಸಾಹಚರ್ಯವನ್ನು ಮಾತೃಭಾಷೆಯಲ್ಲಿ ಕಿವಿಯೇ ಕಲಿಸುತ್ತದೆ. ಪರಭಾಷಿಕನಿಗೆ ಆ ಕಿವಿಯಿಲ್ಲವಾದುದರಿಂದ ಅದರ ಸ್ಥಾನದಲ್ಲಿ ಬೇರೊಂದು ಪ್ರಮಾಣವು ಬೇಕಾಗುತ್ತದೆ.

1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನನ ನಿಘಂಟು ಗ್ರಂಥಕರ್ತರ ವಾಕ್ಯಗಳನ್ನು ಹೇರಳವಾಗಿ ಉದಾಹರಿಸಿತು. ಲಂಡನ್ನಿನ ಭಾಷಾಶಾಸ್ತ್ರ ಸಂಘವು 1857ರಲ್ಲಿ ಸಂಕಲ್ಪಿಸಿ, 1884ರಿಂದ 1928ರ ವರೆಗೆ ಸಂಚಿಕೆಗಳಾಗಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು ಈ ಕ್ರಮವನ್ನು ಮಹಾಕಾರ್ಯವಾಗಿಸಿತು. ಸ್ವಯಂಸೇವಕರಾದ ಓದುಗರು ಲಕ್ಷಗಟ್ಟಲೆ ಚೀಟಿಗಳಲ್ಲಿ ಪ್ರಯೋಗಗಳನ್ನು ಬರೆದು ಕಳುಹಿಸಿದರು. ಆದರೆ ಸಂಪಾದಕರಾದ ಜೇಮ್ಸ್ ಮರೆಯವರು 1879ರಲ್ಲಿಯೇ ಇದರಲ್ಲೊಂದು ದೋಷವನ್ನು ಕಂಡರು: ಬಳಕೆ ತಪ್ಪಿದ 'ಅಬ್ಯೂಷನ್' ಎಂಬ ಶಬ್ದಕ್ಕೆ ಸುಮಾರು 50 ಚೀಟಿಗಳಿದ್ದರೆ, ನಿತ್ಯವ್ಯವಹಾರದ 'ಅಬ್ಯೂಸ್' ಎಂಬುದಕ್ಕೆ 5 ಸಹ ಇರಲಿಲ್ಲ. ಓದುವವನ ಕಣ್ಣು ಅಪೂರ್ವವಾದುದನ್ನು ಆಯ್ದುಕೊಂಡು ಸಾಮಾನ್ಯವಾದುದನ್ನು ಬಿಟ್ಟುಬಿಡುತ್ತದೆ. ಪದಸಾಹಚರ್ಯವಾದರೋ ಆ ಸಾಮಾನ್ಯದಲ್ಲಿಯೇ ಅಡಗಿರುವುದು.

ಪರಭಾಷಿಕರ ಅವಶ್ಯಕತೆಯನ್ನು ಮೊದಲು ಮನಗಂಡವರಲ್ಲಿ ಹೆರಾಲ್ಡ್ ಪಾಮರ್ ಅವರು ಪ್ರಮುಖರು. 1923ರಲ್ಲಿ ಟೋಕಿಯೋದಲ್ಲಿ ಸ್ಥಾಪಿತವಾದ ಇಂಗ್ಲಿಷ್ ಬೋಧನ ಸಂಶೋಧನ ಸಂಸ್ಥೆಯ ಪರವಾಗಿ ಅವರು 1933ರಲ್ಲಿ ಪದಸಾಹಚರ್ಯಗಳ ವರದಿಯನ್ನು ಪ್ರಕಟಿಸಿದರು. ಅವರ ಸಹೋದ್ಯೋಗಿಯಾದ ಹಾರ್ನ್‌ಬಿಯವರ ನಿಘಂಟು ಅಲ್ಲಿಯೇ 1942ರಲ್ಲಿ ಹೊರಬಂದಿತು.

ಮರೆಯವರು ಕಂಡ ದೋಷಕ್ಕೆ ಪರಿಹಾರವು ಗಣಕಯಂತ್ರದಿಂದ ಒದಗಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಫ್ರಾನ್ಸಿಸ್ ಮತ್ತು ಕುಚೆರಾ ಅವರು 1961ರಲ್ಲಿ ಅಚ್ಚಾದ ಬರಹಗಳಿಂದ ಸುಮಾರು 2,000 ಪದಗಳ 500 ಭಾಗಗಳನ್ನು ಆಯ್ದು, 10 ಲಕ್ಷ ಪದಗಳ ಪ್ರಯೋಗಸಂಚಯವನ್ನು 1964ರಲ್ಲಿ ಸಿದ್ಧಗೊಳಿಸಿದರು. ಇದನ್ನೇ 'ಕಾರ್ಪಸ್' ಎನ್ನುವರು. ಅದರಲ್ಲಿ 80 ಭಾಗಗಳು ಶಾಸ್ತ್ರೀಯ ಬರಹಗಳು. ಇಲ್ಲಿ ಪದಗಳನ್ನು ಯಾರೂ ಆರಿಸಲಿಲ್ಲ. ಆಯ್ದ ಭಾಗದಲ್ಲಿದ್ದುದೆಲ್ಲವೂ ಸಾಕ್ಷ್ಯವಾಯಿತು. ಅದೇ ಮಾದರಿಯಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯದಲ್ಲಿ ಎಸ್. ವಿ. ಶಾಸ್ತ್ರಿಯವರು 1978ರ ಭಾರತೀಯ ಇಂಗ್ಲಿಷ್ ಬರಹಗಳ ಸಂಚಯವನ್ನು ರಚಿಸಿದರು. ಬರ್ಮಿಂಗ್‌ಹ್ಯಾಮಿನ ಟಿಮ್ ಜಾನ್ಸ್ ಅವರು ವಿದ್ಯಾರ್ಥಿಗಳೇ ಇಂತಹ ಸಂಚಯದಿಂದ ತೆಗೆದ ಸಾಲುಗಳನ್ನು ಪರೀಕ್ಷಿಸಿ ನಿಯಮವನ್ನು ಊಹಿಸಿಕೊಳ್ಳುವ ಬೋಧನಕ್ರಮವನ್ನು ಪ್ರಚಾರಕ್ಕೆ ತಂದರು. 2000ದಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಅವರು 35 ಲಕ್ಷ ಪದಗಳ ಶಾಸ್ತ್ರಬರಹದಿಂದ 570 ಪದಕುಟುಂಬಗಳ ಪಟ್ಟಿಯನ್ನು ತೆಗೆದರು.

ಪ್ರಯೋಜನವನ್ನು ಎರಡು ನಿದರ್ಶನಗಳಿಂದ ತಿಳಿಯಬಹುದು. ವಿಷಯವನ್ನು ಕುರಿತು ಚರ್ಚಿಸಿದರು ಎಂಬ ನಮ್ಮ ವಾಕ್ಯರೀತಿಯನ್ನು ಅನುಸರಿಸಿ ಅನೇಕರು 'ಡಿಸ್ಕಸ್ ಅಬೌಟ್' ಎಂದು ಬರೆಯುವರು. ಸಾಲುಗಳನ್ನು ಒಂದರ ಕೆಳಗೊಂದಿಟ್ಟು ನೋಡಿದರೆ, 'ಡಿಸ್ಕಸ್' ಕ್ರಿಯಾಪದವು ನೇರವಾಗಿ ಕರ್ಮವನ್ನು ಹಿಡಿಯುವುದೆಂದೂ, 'ಡಿಸ್ಕಷನ್' ಎಂಬ ನಾಮಪದಕ್ಕೆ ಮಾತ್ರ 'ಆಫ್' ಮೊದಲಾದವು ಸೇರುವುವೆಂದೂ ಸ್ಪಷ್ಟವಾಗುತ್ತದೆ. ಎರಡನೆಯದು ಇದಕ್ಕಿಂತ ಗುರುತರವಾದುದು. ಫಲಿತಾಂಶಗಳು ಇಂತಹುದನ್ನು 'ಪ್ರೂವ್' ಮಾಡುವುವೆಂದು ಹೊಸ ಲೇಖಕನು ಬರೆಯುವ ಎಡೆಯಲ್ಲಿ, ನುರಿತ ವಿಜ್ಞಾನಲೇಖಕರು ಬಹುಮಟ್ಟಿಗೆ 'ಸಜೆಸ್ಟ್' ಎಂಬುದನ್ನು ಬಳಸಿರುತ್ತಾರೆ. ಸಿದ್ಧಪಡಿಸುವುದಕ್ಕೂ ಸೂಚಿಸುವುದಕ್ಕೂ ಇರುವ ಅಂತರವು ಶೈಲಿಯದಲ್ಲ, ಪ್ರತಿಜ್ಞೆಯ ಪ್ರಮಾಣದ್ದು. ಪದವು ತಪ್ಪಿದರೆ ಓದುವವನು ಲೇಖಕನ ತರ್ಕವನ್ನೇ ಶಂಕಿಸುವನು.

ಆದರೆ ಈ ಪ್ರಮಾಣಕ್ಕೂ ಮಿತಿಯುಂಟು. ಬಹುಳಪ್ರಯೋಗವೆಲ್ಲವೂ ಉತ್ತಮಪ್ರಯೋಗವಲ್ಲ. ಕಿರಿಯ ಸಂಚಯದಲ್ಲಿ ದೊರೆಯದ ಮಾತ್ರಕ್ಕೆ ಒಂದು ಪದವು ಅಸಾಧುವಾಗದು. ವೃತ್ತಪತ್ರಿಕೆಯ ಸಾಕ್ಷ್ಯವು ಗಣಿತಪ್ರಬಂಧಕ್ಕೆ ಸಲ್ಲದು. ಕಾನೂನಿನ ವಾಗ್ರೀತಿಯು ಇತಿಹಾಸಕ್ಕೆ ಒಗ್ಗದು. ಯಾರ ಬರಹಗಳನ್ನು ಸಂಚಯಕ್ಕೆ ಸೇರಿಸಿದೆ ಎಂಬುದನ್ನೂ ನೋಡಬೇಕು. ಭಾರತೀಯರ ಪ್ರಯೋಗಗಳನ್ನು ಕೇವಲ ಅಭಿಪ್ರಾಯದಿಂದ ದೋಷವೆಂದು ತಳ್ಳದೆ ತುಲನೆಮಾಡಿ ನೋಡಲು ಕೊಲ್ಲಾಪುರದ ಸಂಚಯವು ಅವಕಾಶಮಾಡಿಕೊಟ್ಟಿತು.

ಆದುದರಿಂದ ಅಧ್ಯಾಪಕರು ವಿದ್ಯಾರ್ಥಿಯ ಪ್ರಬಂಧವನ್ನು ತಿದ್ದುವಾಗ ತಮ್ಮ ರುಚಿಯೊಂದನ್ನೇ ನೆಚ್ಚದೆ, ಅವನ ಶಾಸ್ತ್ರಕ್ಕೆ ಸೇರಿದ ಪ್ರಯೋಗಗಳನ್ನು ಅವನ ಮುಂದಿರಿಸಿ, ಯಾವುದು ಏಕೆ ಒಪ್ಪುವುದೆಂಬುದನ್ನು ಅವನೇ ನಿರ್ಣಯಿಸುವಂತೆ ಮಾಡುವುದು ಯುಕ್ತವೆಂದು ತೋರುತ್ತದೆ.